ಇಂಕ್ ಟ್ಯಾಂಕ್ ಪ್ರಿಂಟರ್, 3 ವರ್ಷದ ಬಳಕೆ: ಖರ್ಚು ಇಳಿಯಿತು, ಪ್ಯಾಡ್ ತುಂಬಿತು

ಕಾರ್ಟ್ರಿಜ್ ಬದಲಿಸಿ ಬದಲಿಸಿ ಸಾಕಾಗಿ ಆಫೀಸಿಗೆ ಇಂಕ್ ಟ್ಯಾಂಕ್ ಪ್ರಿಂಟರ್ ತಂದೆವು. ನಾವು ಆರು ಜನ. ಬಿಲ್ಲು, ಕೊಟೇಶನ್ನು, ಲೆಕ್ಕದ ಪಟ್ಟಿ ಬಿಟ್ಟರೆ ಬಣ್ಣದ ಪ್ರಿಂಟ್ ತೀರಾ ಅಪರೂಪ.

ಶಾಯಿ ತುಂಬುವ ಕೆಲಸ ನನ್ನದೇ, ಇನ್ನೊಬ್ಬರಿಗೆ ಬಿಟ್ಟುಕೊಡುವುದಿಲ್ಲ. ಹಳೇ ಪೇಪರ್ ಹಾಸಿ, ಬಾಟಲಿ ಬೋರಲು ಹಾಕಿ ಟ್ಯಾಂಕಿನ ಬಾಯಿಗೆ ಕೂರಿಸಿದರೆ ಗುಳುಗುಳು ಗುಳ್ಳೆ ಏಳುತ್ತಾ ಶಾಯಿ ಇಳಿಯುತ್ತದೆ. ಮೇಲಿನ ಗೆರೆ ಮುಟ್ಟಿದ ಕೂಡಲೇ ತಾನಾಗಿ ನಿಲ್ಲುತ್ತದೆ. ಒಂದು ಹನಿಯೂ ಚೆಲ್ಲಿಲ್ಲ.

ತಂದ ದಿನವೇ ಎಲ್ಲರ ಕಂಪ್ಯೂಟರಿನಲ್ಲೂ ಎರಡೂ ಬದಿಯ ಮುದ್ರಣ, ಕಪ್ಪು-ಬಿಳುಪು ಎಂದು ಡೀಫಾಲ್ಟ್ ಮಾಡಿಟ್ಟೆ. ಎರಡು ವಾರಕ್ಕೆ ಮುಗಿಯುತ್ತಿದ್ದ 500 ಹಾಳೆಯ ರೀಮ್ ಈಗ ಮೂರು ವಾರ ದಾಟುತ್ತದೆ.

ಎರಡನೇ ವರ್ಷ ಹಳದಿ ಶಾಯಿ ಸುಮ್ಮಸುಮ್ಮನೆ ಇಳಿಯುವುದು ಕಣ್ಣಿಗೆ ಬಿತ್ತು. ಬಣ್ಣದ ಪುಟವೇ ತೆಗೆಯದೆ ಹಳದಿ ಹೋಗುವುದೆಲ್ಲಿಗೆ? ಸಂಜೆ ಕೊನೆಗೆ ಹೊರಡುವವರು ಗೋಡೆಯ ಸ್ವಿಚ್ ಆರಿಸುತ್ತಿದ್ದರು. ಪ್ರಿಂಟರಿನ ಗುಂಡಿ ಒತ್ತಿ ಆರಿಸಿದರೆ ಶಾಯಿ ಚಿಮ್ಮಿಸುವ ಹೆಡ್ ತನ್ನ ಮೂಲೆಗೆ ಸರಿದು ಮುಚ್ಚಿಕೊಳ್ಳುತ್ತದೆ. ಕರೆಂಟನ್ನೇ ಕತ್ತರಿಸಿದರೆ ಕೆಲವೊಮ್ಮೆ ಅರ್ಧ ದಾರಿಯಲ್ಲೇ ತೆರೆದು ಉಳಿದು ಒಣಗುತ್ತದೆ. ಒಣಗಿದರೆ ಶಾಯಿ ಹಾಯಿಸಿ ಹೆಡ್ ತೊಳೆಯುವ ಕ್ಲೀನಿಂಗ್, ಕ್ಲೀನಿಂಗ್‌ಗೆ ನಾಲ್ಕೂ ಬಣ್ಣ ಖರ್ಚು. ಡಬ್ಬದ ಮೇಲಿನ ಪುಟಗಳ ಲೆಕ್ಕ ಐಎಸ್‌ಒ/ಐಇಸಿ 24712 ಎಂಬ ಅಂತರರಾಷ್ಟ್ರೀಯ ಮಾನದಂಡದ ಮಾದರಿ ಪುಟಗಳನ್ನು ಬಿಡದೆ ಮುದ್ರಿಸಿ ತೆಗೆದದ್ದು. ನಮ್ಮ ಹಾಗೆ ನಿಲ್ಲಿಸಿ ನಿಲ್ಲಿಸಿ ಬಳಸುವವರಿಗೆ ಅಷ್ಟು ಬರುವುದಿಲ್ಲ.

ಹಾಗೆ ಪೋಲಾದ ಶಾಯಿ ಸೇರುವುದು ತಳದಲ್ಲಿ ಶಾಯಿ ಹೀರಿಕೊಳ್ಳುವ ವೇಸ್ಟ್ ಇಂಕ್ ಪ್ಯಾಡಿಗೆ. ಅದು ತುಂಬಿತೆಂದು ಒಂದು ಬೆಳಿಗ್ಗೆ ಮಷೀನ್ ಕೆಂಪು ದೀಪ ಹಾಕಿ ನಿಂತೇಬಿಟ್ಟಿತು. ಟ್ಯಾಂಕಿನಲ್ಲಿ ಮುಕ್ಕಾಲು ಶಾಯಿ ಇದೆ, ಒಂದು ಹಾಳೆ ಹೊರಬರದು! ನಮ್ಮ ಮಾಡೆಲಿನಲ್ಲಿ ಪ್ಯಾಡ್ ನಾವೇ ಬದಲಿಸುವಂತಿಲ್ಲ. ಸರ್ವಿಸ್‌ನವರು 9 ದಿನ ಇಟ್ಟುಕೊಂಡರು. ಶಾಯಿಯಲ್ಲಿ ಉಳಿಸಿದ್ದರಲ್ಲಿ ಒಂದು ಪಾಲು ಅಲ್ಲಿಗೇ ಹೋಯಿತು. ಕೊಳ್ಳುವಾಗ ಈ ಮಾತನ್ನು ಒಬ್ಬರೂ ಎತ್ತಲಿಲ್ಲವಲ್ಲ ಎಂಬ ಸಿಟ್ಟು ಇನ್ನೂ ಇದೆ.

ಈಗ ಸ್ವಿಚ್ ಪಕ್ಕ 'ಮೊದಲು ಪ್ರಿಂಟರ್ ಗುಂಡಿ' ಎಂಬ ಚೀಟಿ ಅಂಟಿಸಿದ್ದೇವೆ. ಸೋಮವಾರ ಬಂದ ಕೂಡಲೇ ಬಳಸಿದ ಹಾಳೆಯ ಹಿಂಬದಿಗೆ ಒಂದು ನಾಝಲ್ ಚೆಕ್ (ಹೆಡ್ಡಿನ ರಂಧ್ರ ಕಟ್ಟಿದೆಯೇ ಎಂದು ತೋರಿಸುವ ಗೆರೆಗಳು) ತೆಗೆದು ಬೆಳಕಿಗೆ ಹಿಡಿದು ನೋಡುತ್ತೇನೆ. ಗೆರೆ ತುಂಡಾಗಿದ್ದರೆ ಮಾತ್ರ ಕ್ಲೀನಿಂಗ್. ವರ್ಷದಿಂದ ಹಳದಿ ಹೆಚ್ಚುಕಡಿಮೆ ಇದ್ದಲ್ಲೇ ಇದೆ.

ದಿನಾ ಪ್ರಿಂಟ್ ತೆಗೆಯುವ ಆಫೀಸಾದರೆ ಧೈರ್ಯವಾಗಿ ಕೊಳ್ಳಿ. ವಾರಗಟ್ಟಲೆ ಸುಮ್ಮನಿರುವ ಕಡೆ, ಕಪ್ಪಕ್ಷರವಷ್ಟೇ ಸಾಕಾದರೆ, ಲೇಸರ್ ವಾಸಿ. ಟೋನರ್ ಪುಡಿ, ಒಣಗುವ ಭಯವಿಲ್ಲ. ಇಂಕ್ ಟ್ಯಾಂಕೇ ಬೇಕೆಂದರೆ ಪೋಲಾದ ಶಾಯಿ ಸೇರುವ ಮೇಂಟೆನೆನ್ಸ್ ಬಾಕ್ಸ್ ನಾವೇ ಕಳಚಿ ಹಾಕುವಂಥದ್ದೋ ಅಲ್ಲವೋ ಎಂದು ಕೇಳಿಯೇ ದುಡ್ಡು ಕೊಡಿ.