ಮೂಳೆ ನೋವು, ಕಿಡ್ನಿ ಕಲ್ಲು ಎರಡೂ ಇದ್ದರೆ ರಕ್ತದ ಕ್ಯಾಲ್ಸಿಯಂ ನೋಡಿಸಿ

ಮನೆಯಲ್ಲಿ ಯಾರಿಗಾದರೂ ಮೈಮೂಳೆ ನೋವೂ ಇದ್ದು, ಕಿಡ್ನಿ ಕಲ್ಲೂ ಪದೇ ಪದೇ ಆಗುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮಮ್ಮನಿಗೆ 52 ವರ್ಷ. ನಾಲ್ಕು ವರ್ಷದಿಂದ ಸೊಂಟ ನೋವು, ತೊಡೆ ನೋವು, ಮಲಬದ್ಧತೆ, ಯಾವಾಗಲೂ ಸುಸ್ತು. ತೋರಿಸಿದ ಕಡೆಯೆಲ್ಲ ಒಂದೇ ಮಾತು, ಮುಟ್ಟು ನಿಂತಿದೆಯಲ್ಲ, ಮೂಳೆ ಸವೆದಿದೆ ಅಂತ. ನೋವಿನ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಬರೆದು ಕಳಿಸುತ್ತಿದ್ದರು. ಮಧ್ಯೆ ಎರಡು ಸಲ ಕಿಡ್ನಿಯಲ್ಲಿ ಕಲ್ಲಾಯಿತು. ನೀರು ಜಾಸ್ತಿ ಕುಡಿಯಿರಿ ಅಂದರು, ನಾವೂ ಬಾಳೆದಿಂಡಿನ ರಸ ಕುಡಿಸಿ ಸುಮ್ಮನಾದೆವು.

ಹೋದ ವರ್ಷ ಯುಗಾದಿ ಹಿಂದಿನ ದಿನ, ಅರ್ಧ ಕೊಡ ನೀರು ಎತ್ತಿ ಸೊಂಟಕ್ಕೆ ಇಟ್ಟುಕೊಳ್ಳುವಾಗ ತೋಳಿನ ಮೂಳೆ ಮುರಿಯಿತು. ಬಿದ್ದಿಲ್ಲ, ಜಾರಿಲ್ಲ. ಲಟಕ್ ಅಂದಿದ್ದು ನಡುಮನೆಯಲ್ಲಿದ್ದ ನನಗೂ ಕೇಳಿಸಿತು. ಎಕ್ಸ್‌ರೇಯಲ್ಲಿ ಮುರಿದ ಜಾಗದ ಮೂಳೆ ಒಳಗೆಲ್ಲ ಟೊಳ್ಳು. ಗಡ್ಡೆ ಇದೆ, ಕ್ಯಾನ್ಸರ್ ಇರಬಹುದು ಅಂದುಬಿಟ್ಟರು, ತೋಳಿನ ದೊಡ್ಡ ಆಪರೇಷನ್‌ಗೆ ದಿನವೂ ನಿಗದಿಯಾಯಿತು. ಆ ಹನ್ನೊಂದು ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮನಸ್ಸು ತಡೆಯದೆ ಇನ್ನೊಂದು ಊರಿನ ಹಾರ್ಮೋನ್ ಡಾಕ್ಟರ್ ಹತ್ತಿರ ಹೋದೆವು. ಅವರು ಹಳೇ ಫೈಲು ಕೇಳಿದರು. ಮೂರು ವರ್ಷದ ಹಿಂದೆ ಕಲ್ಲಾದಾಗಿನ ರಿಪೋರ್ಟಿನಲ್ಲೇ ಕ್ಯಾಲ್ಸಿಯಂ 11.6, ಪಕ್ಕದಲ್ಲಿ ದಪ್ಪಗೆ ‘ಎಚ್’, ಅಂದರೆ ಜಾಸ್ತಿ, ಅಂತ ಅಚ್ಚಾಗಿತ್ತು. ಸಾಮಾನ್ಯವಾಗಿ ಅದು 10.5 ದಾಟಬಾರದು. ಟೆಸ್ಟ್ ಮಾಡಿಸಿದ ಡಾಕ್ಟರೂ ನೋಡಿಲ್ಲ, ನಾವೂ ನೋಡಿಲ್ಲ. ಈ ಸಲ 12.8 ಬಂತು. 65ರ ಒಳಗಿರಬೇಕಾದ ಪಿಟಿಎಚ್ ಅನ್ನುವ ಹಾರ್ಮೋನು 1,140 ಇತ್ತು.

ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ಚಿಕ್ಕ ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ, ಸಾಮಾನ್ಯವಾಗಿ ನಾಲ್ಕು. ಅಮ್ಮನಿಗೆ ಅದರಲ್ಲಿ ಒಂದು ಊದಿಕೊಂಡು ಪಿಟಿಎಚ್ ಹಾರ್ಮೋನನ್ನು ಸುರಿಸುತ್ತಲೇ ಇತ್ತು. ಆ ಹಾರ್ಮೋನು ಮೂಳೆಯಲ್ಲಿರುವ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಹಾಕುತ್ತದೆ. ಮೂಳೆ ಟೊಳ್ಳಾಗುತ್ತದೆ, ಆ ಕ್ಯಾಲ್ಸಿಯಂ ಹೋಗಿ ಕಿಡ್ನಿಯಲ್ಲಿ ಕಲ್ಲು ಕಟ್ಟುತ್ತದೆ. ತೋಳಿನಲ್ಲಿದ್ದದ್ದು ಹಾಗೆ ಮೂಳೆ ಕರಗಿದ ಜಾಗದಲ್ಲಿ ಆಗುವ ‘ಬ್ರೌನ್ ಟ್ಯೂಮರ್’. ಹೆಸರಲ್ಲಿ ಟ್ಯೂಮರ್ ಇದ್ದರೂ ಕ್ಯಾನ್ಸರ್ ಅಲ್ಲ. ಆಪರೇಷನ್ ಬೇಕಿದ್ದದ್ದು ಕುತ್ತಿಗೆಗೆ, ಇವರು ತೋಳು ಕೊಯ್ಯಲು ಹೊರಟಿದ್ದರು!

ನೋವಿನ ಮಾತ್ರೆಯ ಮೇಲೆ ಮಾತ್ರೆ ನುಂಗುತ್ತಿದ್ದರೆ ರಕ್ತದ ಕ್ಯಾಲ್ಸಿಯಂ ಒಂದು ಸಲ ಮಾಡಿಸಿ, ದೊಡ್ಡ ಖರ್ಚೇನಲ್ಲ. ಜಾಸ್ತಿ ಬಂದರೆ ಪಿಟಿಎಚ್ ಬರೆಸಿಕೊಳ್ಳಿ. ವಿಟಮಿನ್ ಡಿ ತೀರಾ ಕಡಿಮೆ ಇದ್ದರೆ ಈ ಕಾಯಿಲೆ ಇದ್ದೂ ಕ್ಯಾಲ್ಸಿಯಂ ಸರಿಯಾಗೇ ಕಾಣಬಹುದು, ಅದಕ್ಕೆ ಸುಮ್ಸುಮ್ನೆ ಮೂಳೆ ಮುರಿದವರು ಪಿಟಿಎಚ್ ಕೇಳಲೇಬೇಕು. ಮಾತ್ರೆ ಮಾತ್ರ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಕುತ್ತಿಗೆಯ ಆಪರೇಷನ್ ಆದಮೇಲೆ ಮನೆಗೆ ಹೊರಡುವ ಆತುರವೂ ಬೇಡ. ನಾವು ಎರಡನೇ ದಿನವೇ ಡಿಸ್ಚಾರ್ಜ್ ಕೇಳಿದೆವು, ಡಾಕ್ಟರ್ ಒಪ್ಪಲಿಲ್ಲ. ಮೂರನೇ ದಿನ ಬೆಳಗ್ಗೆ ಅಮ್ಮನ ತುಟಿ ಸುತ್ತ ಜುಮುಜುಮು, ಆಮೇಲೆ ಬೆರಳುಗಳು ಸೆಟೆದುಕೊಂಡವು, ಕಾಫಿ ಲೋಟ ಹಿಡಿಯೋಕೂ ಆಗಲಿಲ್ಲ. ಹಸಿದಿದ್ದ ಮೂಳೆ ರಕ್ತದ ಕ್ಯಾಲ್ಸಿಯಂನೆಲ್ಲ ಎಳೆದುಕೊಳ್ಳುತ್ತಿದೆ ಅಂತ ನರ್ಸ್ ಓಡಿಬಂದು ಡ್ರಿಪ್ ಹಾಕಿದರು. ಮನೆಯಲ್ಲಿ ಆಗಿದ್ದರೆ ಲಕ್ವ ಅಂದುಕೊಂಡು ಎಲ್ಲಿಗೆ ಓಡುತ್ತಿದ್ದೆವೋ.