ಚೀಲ ತುಂಬಿದ್ದರೂ ‘ಸ್ಟಾಕ್ ಇಲ್ಲ’: ವರ್ಡ್‌ಪ್ರೆಸ್ ರೆಸ್ಟ್ ಎಪಿಐ ಬಳಸಿದ ಅನುಭವ

ದಾವಣಗೆರೆಯಲ್ಲಿ ನಮ್ಮ ಭಾವನ ಬೀಜ-ಗೊಬ್ಬರದ ಅಂಗಡಿ ಇದೆ. ಅದರ ವೆಬ್‌ಸೈಟ್ ನನ್ನದೇ ಕೈಕೆಲಸ. ಮಾಲಿನ ಪಟ್ಟಿ ವರ್ಡ್‌ಪ್ರೆಸ್ ಅನ್ನುವ, ವೆಬ್‌ಸೈಟ್ ನಡೆಸುವ ಸಾಫ್ಟ್‌ವೇರ್‌ನಲ್ಲಿದೆ. ಗಿರಾಕಿಗಳು ನೋಡುವ ಪುಟ ಬೇರೆ. ಅದು ರೆಸ್ಟ್ ಎಪಿಐಯಿಂದ, ಅಂದರೆ ಬೇರೆ ಪ್ರೋಗ್ರಾಂಗಳು ವರ್ಡ್‌ಪ್ರೆಸ್‌ನಿಂದ ಮಾಹಿತಿ ಕೇಳಿ ಪಡೆಯುವ ದಾರಿಯಿಂದ, ಪಟ್ಟಿ ತರಿಸಿಕೊಳ್ಳುತ್ತದೆ. 2016ರ ಡಿಸೆಂಬರ್‌ನಲ್ಲಿ ಬಂದ 4.7 ಆವೃತ್ತಿಯಿಂದ ಈ ಎಪಿಐ ವರ್ಡ್‌ಪ್ರೆಸ್ ಒಳಗೇ ಇದೆ, ಅದಕ್ಕೆಂದು ಬೇರೆ ಪ್ಲಗಿನ್ (ಹೆಚ್ಚುವರಿ ಸಾಫ್ಟ್‌ವೇರ್) ಬೇಡ.

ಮೊದಲು ಹತ್ತೇ ಐಟಂ ಕಾಣುತ್ತಿದ್ದವು. ಎಷ್ಟು ಬೇಕು ಅಂತ ಹೇಳದಿದ್ದರೆ ಅದು ಕೊಡುವುದೇ ಹತ್ತು. ಅಂಗಡಿಯಲ್ಲಿ ಇರುವುದು 112. ಒಂದು ಸಲಕ್ಕೆ ಎಷ್ಟು ಐಟಂ ಬೇಕು ಅಂತ ಹೇಳುವ ‘ಪರ್ ಪೇಜ್’ 200 ಅಂತ ಹಾಕಿ, ಕೆಲಸ ಮುಗೀತು ಅಂತ ಬೆಣ್ಣೆ ದೋಸೆ ತಿನ್ನಲು ಹೋದೆ. ಮರುದಿನ ಜಗಳೂರು ಕಡೆಯ ರೈತರೊಬ್ಬರ ಫೋನ್: "ಏನ್ರೀ, ಮೆಕ್ಕೆಜೋಳದ ಬೀಜ ಸ್ಟಾಕೇ ಇಲ್ಲ ಅಂತ ಹಾಕೀರಲ್ಲ?" ಆಗ ಭಾವ ಬೀಜದ ಚೀಲಗಳ ನಡುವೆಯೇ ನಿಂತಿದ್ದರು. ಬಿತ್ತನೆ ಸಮಯ ಬೇರೆ.

ವರ್ಡ್‌ಪ್ರೆಸ್ ಸರಿಯಾಗಿಯೇ ಹೇಳಿತ್ತು. 400 ಸ್ಟೇಟಸ್ (ಕೇಳಿದ್ದೇ ತಪ್ಪು ಅನ್ನುವ ಸಂಖ್ಯೆ), ಒಂದು ಎರರ್ ಕೋಡ್, ಜೊತೆಗೆ ‘ಪರ್ ಪೇಜ್ 1ರಿಂದ 100ರ ಒಳಗಿರಬೇಕು’ ಅಂತ ಬಿಡಿಸಿ ಬರೆದ ಮೆಸೇಜ್. ಕೇಳಿಸಿಕೊಳ್ಳದವನು ನಾನು. ಪುಟದ ಜಾವಾಸ್ಕ್ರಿಪ್ಟ್ ಕೋಡ್‌ನಲ್ಲಿ ಪಟ್ಟಿ ತರುವ ‘ಫೆಚ್’, 400 ಬರಲಿ, ಸರ್ವರ್‌ನದೇ ತಪ್ಪು ಅನ್ನುವ 500 ಬರಲಿ, ಉತ್ತರ ಬಂತಲ್ಲ ಅಂತ ಸುಮ್ಮನಾಗುತ್ತದೆ. ನೆಟ್‌ವರ್ಕ್ ಕೈಕೊಟ್ಟಾಗಲಷ್ಟೇ ತಪ್ಪಾದಾಗ ಹಿಡಿಯಲೆಂದು ನಾನು ಬರೆದ ‘ಕ್ಯಾಚ್’ಗೆ ಕೆಲಸ. ಪಟ್ಟಿಯ ಜಾಗದಲ್ಲಿ ಬಂದ ಎರರ್ ಆಬ್ಜೆಕ್ಟ್‌ಗೆ ‘ಲೆಂಗ್ತ್’, ಅಂದರೆ ಐಟಂಗಳ ಎಣಿಕೆ, ಎಲ್ಲಿಂದ ಬರಬೇಕು? ನನ್ನ ಕೋಡ್ ಅದನ್ನು ಖಾಲಿ ಪಟ್ಟಿ ಅಂದುಕೊಂಡು ಧೈರ್ಯವಾಗಿ ‘ಸ್ಟಾಕ್ ಇಲ್ಲ’ ಅಂತ ಬರೆದಿತ್ತು. ಎರರ್‌ಗೂ ಖಾಲಿಗೂ ಒಂದೇ ಬೋರ್ಡು!

ಈಗ ಉತ್ತರ ಸರಿಯಾಗಿ ಬಂತೇ ಅಂತ ಹೇಳುವ ‘ರೆಸ್ಪಾನ್ಸ್ ಡಾಟ್ ಓಕೆ’ ನೋಡಿದ ಮೇಲೇ ಮುಂದಿನ ಮಾತು. ಅಲ್ಲಿ ಎಡವಟ್ಟಾದರೆ ‘ಪಟ್ಟಿ ತೆರೆಯುತ್ತಿಲ್ಲ, ಅಂಗಡಿಗೆ ಫೋನ್ ಮಾಡಿ’ ಅಂತ ಬರುತ್ತದೆ. ಮಾಲನ್ನು ಎರಡು ಪುಟ ಮಾಡಿ ತರಿಸುತ್ತೇನೆ. ಒಟ್ಟು ಎಷ್ಟು ಪುಟ ಅನ್ನುವುದು ಉತ್ತರದ ಜೊತೆಗೇ ಬರುವ ಹೆಡರ್‌ನಲ್ಲೇ ಸಿಗುತ್ತದೆ. ಅದನ್ನು ನೋಡದೆ ಮೂರನೇ ಪುಟ ಕೇಳಿದರೆ ಖಾಲಿ ಪಟ್ಟಿ ಕೊಡುವುದಿಲ್ಲ, ಮತ್ತೆ 400. ಇದು ಸ್ವಲ್ಪ ಜಾಸ್ತಿ ಆಯ್ತು ಅಲ್ವಾ?

ರೆಸ್ಟ್ ಎಪಿಐಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ವರ್ಡ್‌ಪ್ರೆಸ್‌ನಲ್ಲಿ ಮಾಲಿನ ವಿವರ ತಿದ್ದುವ ಎಡಿಟರ್‌ನ ‘ಇದು ಸರಿಯಾದ ಜೇಸನ್ ಉತ್ತರವಲ್ಲ’ ಅನ್ನುವ ಮೆಸೇಜ್‌ಗೆ (ಜೇಸನ್ ಅಂದರೆ ಎಪಿಐ ಉತ್ತರ ಬರೆಯುವ ರೂಪ). ಬೀಜದ ರೇಟ್ ಬದಲಿಸಲು ಕೂತವರಿಗೆ ಅದರಿಂದ ಏನು ತಿಳಿಯಬೇಕು? ಎಷ್ಟೋ ಸಲ ಸೆಟ್ಟಿಂಗ್ಸ್‌ನಲ್ಲಿ ಪುಟಗಳ ವಿಳಾಸಕ್ಕೆ ಸಂಬಂಧಿಸಿದ ‘ಪರ್ಮಾಲಿಂಕ್ಸ್’ ತೆರೆದು, ಏನೂ ಬದಲಿಸದೆ ಸೇವ್ ಒತ್ತಿದರೆ ಸರಿಹೋಗುತ್ತದೆ. ಭಾವನಿಗೆ ಅಷ್ಟು ಕಲಿಸಿಕೊಟ್ಟಿದ್ದೇನೆ. ಬಿಲ್ ಪುಸ್ತಕದ ಹಿಂದೆ ಬರೆದಿಟ್ಟುಕೊಂಡಿದ್ದಾರೆ.