ಸರ್ಲಿ ಲಾಂಗ್ ಹಾಲ್ ಟ್ರಕರ್: ಸಾಮಾನು ಹೇರಿ ನೋಡಿ, ಆಮೇಲೆ ಹೇಳಿ

ಸಾಮಾನು ಹೇರಿಕೊಂಡು ದೂರ ಹೋಗಲೆಂದೇ ಮಾಡಿದ ಈ ಸೈಕಲ್ ಫ್ರೇಮ್ ಕೊಂಡ ಮೊದಲ ತಿಂಗಳು ನನಗೆ ಬೇಸರವೇ ಆಗಿತ್ತು. ಬೆಳಿಗ್ಗೆ ಮೈಸೂರಿನ ರಿಂಗ್ ರೋಡಿನಲ್ಲಿ ಖಾಲಿ ಸೈಕಲ್ ತುಳಿದರೆ ಜೀವವೇ ಇಲ್ಲದ ಹಾಗೆ ಅನ್ನಿಸುತ್ತಿತ್ತು. ಗುಂಡಿಗೆ ಇಳಿದರೆ ಏಟು ನೇರ ಸೊಂಟಕ್ಕೆ. ಆಮೇಲೆ ಒಂದು ಶನಿವಾರ ಎರಡೂ ಕಡೆ ಬ್ಯಾಗ್ ಕಟ್ಟಿ, 18 ಕೆಜಿ ಸಾಮಾನು ಹೇರಿ ಹುಣಸೂರು ದಾರಿ ಹಿಡಿದೆ. ಬಿಳಿಕೆರೆ ದಾಟುವಷ್ಟರಲ್ಲಿ ಅದೇ ಸೈಕಲ್ ಬೇರೆಯೇ ಆಗಿತ್ತು. ಮೆತ್ತಗೆ, ನೆಟ್ಟಗೆ, ಹಗುರಾಗಿ ಹೋಗುತ್ತಿತ್ತು.

ಸರ್ಲಿ ಅಮೆರಿಕದ ಮಿನ್ನೆಸೋಟದ ಕಂಪನಿ. ಫ್ರೇಮ್ ತಯಾರಾಗುವುದು ತೈವಾನಿನಲ್ಲಿ. ಲಾಂಗ್ ಹಾಲ್ ಟ್ರಕರ್ ಈಗ ಹೊಸದಾಗಿ ಬರುವುದಿಲ್ಲ, ಡಿಸ್ಕ್ ಬ್ರೇಕಿನ ಡಿಸ್ಕ್ ಟ್ರಕರ್ ಬರುತ್ತದೆ. ನನ್ನದು ಸೆಕೆಂಡ್ ಹ್ಯಾಂಡ್, 54 ಸೆಂ.ಮೀ. ಅಳತೆಯದು. ಫ್ರೇಮ್, ಫೋರ್ಕ್ ಎರಡಕ್ಕೂ ಸೇರಿ 26 ಸಾವಿರ ಕೊಟ್ಟೆ.

ಸ್ಟೀಲ್ ಅಂದ ಕೂಡಲೇ ಮೆತ್ತಗಿರುತ್ತದೆ ಅನ್ನುತ್ತಾರೆ. ಅದು ಅರ್ಧ ನಿಜ. ದುಬಾರಿ ಸ್ಟೀಲಾಗಲಿ ಅಗ್ಗದ್ದಾಗಲಿ, ಒಂದೇ ಅಳತೆಯ ಕೊಳವೆ ಮಾಡಿದರೆ ಎರಡೂ ಹೆಚ್ಚುಕಡಿಮೆ ಒಂದೇ ಸಮ ಬಗ್ಗುತ್ತವೆ. ದುಬಾರಿಯದಕ್ಕೆ ಬಲ ಜಾಸ್ತಿ, ಹಾಗಾಗಿ ಕೊಳವೆಯ ಗೋಡೆ ತೆಳ್ಳಗೆ ಮಾಡಿ ತೂಕ ಉಳಿಸಬಹುದು. ಇಲ್ಲಿರುವುದು 4130 ಕ್ರೋಮೋಲಿ, ಅಂದರೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಸ್ಟೀಲ್. ವೆಲ್ಡಿಂಗ್ ಆಗುವ ಎರಡು ತುದಿಯಲ್ಲಿ ಗೋಡೆ ದಪ್ಪ, ನಡುವೆ ತೆಳು. ಫ್ರೇಮೊಂದೇ ಎರಡು ಕೆಜಿಗಿಂತ ಮೇಲೆ ತೂಗುತ್ತದೆ. ಟೆಂಟು, ಒಲೆ, ನೀರು ಎಲ್ಲ ಹೊತ್ತಾಗ ಅಲ್ಲಾಡಬಾರದು ಅಂತ ಇಷ್ಟು ಗಟ್ಟಿ ಮಾಡಿದ್ದಾರೆ. ನಾನು 60 ಕೆಜಿ ಆಸಾಮಿ. ಸಾಮಾನಿಲ್ಲದೆ ನನ್ನೊಬ್ಬನ ಭಾರಕ್ಕೆ ಅದು ಬಗ್ಗುವುದೇ ಇಲ್ಲ.

ನನಗೆ ತುಂಬ ಇಷ್ಟವಾಗಿದ್ದು ಹಿಂದಿನ ಚೈನ್‌ಸ್ಟೇ, ಅಂದರೆ ಪೆಡಲಿನ ಬುಡದಿಂದ ಹಿಂದಿನ ಚಕ್ರದ ನಡುವಿಗೆ ಹೋಗುವ ಕೊಳವೆ. ಉದ್ದ 46 ಸೆಂ.ಮೀ. ಮಾಮೂಲಿ ರೋಡ್ ಬೈಕಿನಲ್ಲಿ ಇದು 41ರ ಆಸುಪಾಸು. ನನ್ನ ಹಳೇ ಸೈಕಲಿನಲ್ಲಿ ಪೆಡಲ್ ತಿರುಗಿದಾಗೆಲ್ಲ ಹಿಮ್ಮಡಿ ಬ್ಯಾಗಿಗೆ ತಾಗುತ್ತಿತ್ತು. ನೂರು ಕಿ.ಮೀ. ಹೋಗುವಾಗ ಅದೆಷ್ಟು ಸಲ ತಾಗುತ್ತದೆ ಅಂತ ಯೋಚಿಸಿ! ಇದರಲ್ಲಿ ಬ್ಯಾಗ್ ಮತ್ತು ಹಿಮ್ಮಡಿ ನಡುವೆ ನಾಲ್ಕು ಬೆರಳು ಜಾಗ ಇದೆ. ಆದರೆ ಸೈಕಲ್ ಉದ್ದವಾಗುತ್ತದೆ. ದೇವರಾಜ ಮಾರುಕಟ್ಟೆ ಪಕ್ಕದ ಸಂದಿಯಲ್ಲಿ ತಿರುಗಿಸುವುದು ಕಷ್ಟ. ದಿನಾ ಆಫೀಸಿಗೆ ಹೋಗಲು ಮಾತ್ರ ಬೇಕಿದ್ದರೆ ಇದು ಬೇಡವೇ ಬೇಡ.

ಚಕ್ರ 26 ಇಂಚಿನದು. ದೊಡ್ಡ ಚಕ್ರದಷ್ಟು ಸಲೀಸಾಗಿ ಹಂಪು ದಾಟುವುದಿಲ್ಲ, ನಿಜ. ಆದರೆ ಹಳೇ ಮೌಂಟನ್ ಬೈಕ್ ಅಳತೆಯ ಈ ಟಯರು, ಟ್ಯೂಬು ಹುಣಸೂರಿನಲ್ಲೂ ಸಿಗುತ್ತದೆ, ಕುಶಾಲನಗರದಲ್ಲೂ ಸಿಗುತ್ತದೆ. ನಮ್ಮ ಊರುಗಳಿಗೆ ಇದೇ ಸರಿ.

ಬ್ರೇಕ್ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಒಪ್ಪಿಲ್ಲ. ಇದಕ್ಕೆ ಕ್ಯಾಂಟಿಲಿವರ್, ಅಂದರೆ ರಿಮ್ ಹಿಡಿಯುವ ಬ್ರೇಕ್. ಒಣ ರಸ್ತೆಯಲ್ಲಿ ಚೆನ್ನಾಗಿದೆ, ಎಲ್ಲಿ ಬೇಕಾದರೂ ರಿಪೇರಿ ಆಗುತ್ತದೆ. ಜುಲೈ ಮಳೆಯಲ್ಲಿ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದೆ. ಬ್ರೇಕ್ ಒತ್ತಿದರೆ ಮೊದಲು ರಬ್ಬರು ರಿಮ್ಮಿನ ನೀರು ಒರೆಸಬೇಕು, ಹಿಡಿಯುವುದು ಆಮೇಲೆ. ಅಷ್ಟರಲ್ಲಿ ತಿರುವು ಬಂದೇಬಿಟ್ಟಿರುತ್ತದೆ. ಕೆಳಗೆ ನಿಂತಾಗ ರಿಮ್ಮಿನ ಮೇಲೆಲ್ಲ ಕಪ್ಪು ರಾಡಿ. ಕೈಬೆರಳು ಮಡಚಲು ಆಗುತ್ತಿರಲಿಲ್ಲ. ಮಳೆಗಾಲದಲ್ಲಿ ಘಟ್ಟ ಇಳಿಯುವವರು ಡಿಸ್ಕ್ ಇರುವುದನ್ನೇ ತಗೊಳ್ಳಿ.

ಅದೇ ಪ್ರಯಾಣದಲ್ಲಿ ಸುಳ್ಯದ ಹೋಟೆಲ್ ಮುಂದೆ ಗೋಡೆಗೆ ಒರಗಿಸಿದ್ದ ಸೈಕಲ್ ಬಲಗಡೆಗೆ ಬಿತ್ತು. ಗೇರ್ ಬದಲಿಸುವ ಡಿರೇಲರ್ ತೂಗಿಹಾಕುವ ಕಿವಿ ಒಳಗೆ ಬಗ್ಗಿಹೋಯಿತು. ಚೈನು ಚಕ್ರದ ಕಡ್ಡಿಗಳಿಗೆ ತಾಗುತ್ತಿತ್ತು. ಅಲ್ಯೂಮಿನಿಯಂ ಫ್ರೇಮಿನಲ್ಲಿ ಈ ಕಿವಿ ಸಾಮಾನ್ಯವಾಗಿ ಬಿಚ್ಚಿ ಬದಲಿಸುವಂಥದ್ದು. ಇದರಲ್ಲಿ ಫ್ರೇಮಿಗೇ ಸೇರಿಕೊಂಡಿದೆ, ಅದನ್ನು ಲೋಪ ಅಂತಲೇ ನಾನು ತಿಳಿದಿದ್ದೆ. ಪಕ್ಕದ ಅಂಗಡಿಯ ಮೆಕ್ಯಾನಿಕ್ ನೋಡಿ, "ಸ್ಟೀಲ್ ಅಲ್ವಾ ಮಾರಾಯ್ರೆ, ಬಗ್ಗಿದ್ದು ವಾಪಸ್ ಬರ್ತದೆ" ಅಂದರು. ಡಿರೇಲರ್ ಬಿಚ್ಚಿದರು. ಮೂಲೆಯಲ್ಲಿದ್ದ ಹಳೇ ಹಿಂದಿನ ಚಕ್ರವೊಂದನ್ನು ತಂದು, ಅದರ ಆಕ್ಸಲನ್ನೇ ಕಿವಿಯ ತೂತಿಗೆ ತಿರುಪಿದರು. ಎರಡರ ತಿರುಪಿನ ಥ್ರೆಡ್ಡೂ ಒಂದೇ ಅಳತೆ, 10 ಮಿ.ಮೀ. ಈಗ ಎರಡು ಚಕ್ರ ಅಕ್ಕಪಕ್ಕ ನಿಂತವು. ಎರಡೂ ರಿಮ್ಮಿನ ನಡುವಿನ ಅಂತರ ಮೇಲೆ, ಕೆಳಗೆ, ಹಿಂದೆ, ಮುಂದೆ ಒಂದೇ ಸಮ ಆಗುವವರೆಗೆ ಮೆಲ್ಲಗೆ ಎಳೆದರು. ಹತ್ತೇ ನಿಮಿಷ. ಐವತ್ತು ರೂಪಾಯಿ ತಗೊಂಡರು. ಸಂಜೆಗೆ ಪುತ್ತೂರು ಸೇರಿದೆ. ಗೇರ್ ಒಂದು ಸಲವೂ ತಪ್ಪಲಿಲ್ಲ.

ಉಳಿದದ್ದು ಚಿಕ್ಕಪುಟ್ಟದ್ದು. ಮೂರು ನೀರಿನ ಬಾಟಲಿಗೆ ಜಾಗ ಇದೆ, ಮೂರನೆಯದು ಕೆಳಗಿರುವುದರಿಂದ ಕೆಸರು ಸಿಡಿಯುತ್ತದೆ. ಅದರಲ್ಲಿ ಒಲೆಯ ಎಣ್ಣೆ ಇಡುತ್ತೇನೆ. ಎರಡು ಹೆಚ್ಚುವರಿ ಕಡ್ಡಿ ಇಡಲು ಚೈನ್‌ಸ್ಟೇ ಮೇಲೆಯೇ ಜಾಗ ಮಾಡಿದ್ದಾರೆ. ಕ್ಯಾರಿಯರಿಗೂ ಮಡ್‌ಗಾರ್ಡಿಗೂ ಬೇರೆ ಬೇರೆ ತೂತು.

ತುಕ್ಕಿನ ಭಯ ಇದ್ದೇ ಇದೆ. ನೀರು ಸೀಟ್ ಪೋಸ್ಟ್ ಪಕ್ಕದಿಂದ ಇಳಿದು ಪೆಡಲ್ ಬಳಿಯ ಬಾಟಮ್ ಬ್ರಾಕೆಟ್ಟಿನಲ್ಲಿ ನಿಲ್ಲುತ್ತದೆ. ಪ್ರತಿ ಮಳೆಗಾಲಕ್ಕೆ ಮುಂಚೆ ನಾನು ಎಲ್ಲ ಬಿಚ್ಚಿ, ಕೊಳವೆಯೊಳಗೆ ಅಗಸೆ ಎಣ್ಣೆ ಸುರಿದು, ಫ್ರೇಮನ್ನು ಆ ಕಡೆ ಈ ಕಡೆ ಹೊರಳಿಸಿ, ಎರಡು ದಿನ ನೇತುಹಾಕುತ್ತೇನೆ. ಹಳೆಯದನ್ನು ಕೊಳ್ಳಲು ಹೋದರೆ ಪೇಂಟ್ ನೋಡಿ ಮರುಳಾಗಬೇಡಿ. ಸೀಟ್ ಪೋಸ್ಟ್ ಎಳೆದು ನೋಡಿ. ಅದು ಅಲ್ಲಾಡದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. ಬಂದರೆ, ಟಾರ್ಚ್ ಹಾಕಿ ಒಳಗೆ ಇಣುಕಿ.